ತವರಿನ ಗುರುತು: ರಾಣಿ ಎಡಿತಳ ಬಾಳು, ಬಳಗ

ಯೂರೋಪಿನ ಮಧ್ಯಯುಗದ ಚರಿತ್ರೆಯನ್ನು ಓದಿದವರಿಗೆ ಜರ್ಮನಿಯ ಮಹಾ ಒಟ್ಟೊ ಅಪರಿಚಿತನಲ್ಲ. 936ರಲ್ಲಿ ಪಟ್ಟವೇರಿ 973ರವರೆಗೆ ಆಳಿದವನು ಆತ. 955ರಲ್ಲಿ ಲೆಖ್‌ಫೆಲ್ಡ್ ಬಯಲಿನಲ್ಲಿ ಮಾಗ್ಯಾರರನ್ನು ಸೋಲಿಸಿ, ಪಶ್ಚಿಮದ ಮೇಲೆ ಅವರು ನಡೆಸುತ್ತಿದ್ದ ದಾಳಿಗಳನ್ನು ನಿಲ್ಲಿಸಿದವನು. 962ರಲ್ಲಿ ರೋಮಾಪುರಿಯಲ್ಲಿ ಚಕ್ರವರ್ತಿಯ ಕಿರೀಟವನ್ನು ಧರಿಸಿದವನು. ಅವನ ಎರಡನೆಯ ಹೆಂಡತಿ ಆಡೆಲ್‌ಹೈಡಳ ಹೆಸರೂ ಚರಿತ್ರೆಯಲ್ಲಿ ದೊಡ್ಡದು. ಸಾಮ್ರಾಜ್ಞಿಯಾಗಿ, ಮೊಮ್ಮಗನ ಪರವಾಗಿ ರಾಜ್ಯಭಾರವನ್ನು ಹೊತ್ತ ಅಜ್ಜಿಯಾಗಿ, ಕಡೆಗೆ ಸಂತಳಾಗಿ ಆಕೆ ಕೀರ್ತಿಶೇಷಳಾದಳು. ಮೊದಲ ಹೆಂಡತಿಯ ಮಾತು ಬಂದಾಗ ಮಾತ್ರ ನಮ್ಮ ಚರಿತ್ರೆಯ ಪುಸ್ತಕಗಳು ಒಂದೇ ವಾಕ್ಯದಲ್ಲಿ ಕೆಲಸ ಮುಗಿಸುತ್ತವೆ: ಇಂಗ್ಲೆಂಡಿನಿಂದ ಬಂದ ಎಡಿತ್, 946ರಲ್ಲಿ ತೀರಿಕೊಂಡಳು. ಆ ಒಂದು ವಾಕ್ಯದ ಹಿಂದೆಯೂ ಮುಂದೆಯೂ ಇದ್ದ ಬಾಳನ್ನು, ಆ ಬಾಳಿಗೆ ಹೆಣೆದುಕೊಂಡ ಬಳಗವನ್ನು, ಈ ಹೊತ್ತು ನಿಮ್ಮ ಮುಂದೆ ಬಿಡಿಸಿ ಇಡಬೇಕೆಂದಿದ್ದೇನೆ.

ಮೊದಲು ನಮ್ಮ ಆಕರಗಳ ವಿಷಯ. ಎಡಿತಳ ಬಗ್ಗೆ ಬರೆದ ಹಳೆಯ ಬರಹಗಾರರಲ್ಲಿ ಮುಖ್ಯರಾದವರು ಮೂವರು: ಕೊರ್ವೈ ಮಠದ ಸಂನ್ಯಾಸಿ ವಿಡುಕಿಂಡ್, ಗಾಂಡರ್ಸ್‌ಹೈಮ್ ಮಠದ ಕವಯಿತ್ರಿ ಹ್ರೋಟ್ಸ್‌ವಿಟ್, ಮೆರ್ಸೆಬುರ್ಗಿನ ಬಿಷಪ್ ಥೀಟ್‌ಮಾರ್. ಮೊದಲಿನ ಇಬ್ಬರು ಬರೆದದ್ದು 960ರ ದಶಕದಲ್ಲಿ, ಎಂದರೆ ರಾಣಿ ಮಣ್ಣಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಥೀಟ್‌ಮಾರನಂತೂ ಆಮೇಲಿನ ತಲೆಮಾರಿಗೆ ಸೇರಿದವನು. ಅವರು ಬರೆಯುವ ಹೊತ್ತಿಗೆ ಅರಮನೆಯಲ್ಲಿ ಆಡೆಲ್‌ಹೈಡಳ ಕಾಲ ನಡೆಯುತ್ತಿತ್ತು, ಇಲ್ಲವೆ ನಡೆದು ಮುಗಿದಿತ್ತು. ಮೊದಲ ರಾಣಿಯನ್ನು ಅವರು ಹೊಗಳಿದರು. ಆದರೆ ಹೊಗಳಿಕೆಯಲ್ಲಿ ವಿವರಕ್ಕೆ ಜಾಗ ಕಡಿಮೆ. ಆಕೆ ಯಾರ ಮಗಳು, ಯಾರ ತಂಗಿ, ಯಾರ ಹೆಂಡತಿ, ಯಾರ ತಾಯಿ ಎಂಬುದನ್ನು ಹೇಳಿದ ಮೇಲೆ ಲೇಖನಿ ಮುಂದಕ್ಕೆ ಹೋಗುತ್ತದೆ. ಆದುದರಿಂದ ನಾವೂ ಆ ದಾರಿಯಲ್ಲಿಯೇ ನಡೆಯಬೇಕು. ಬಳಗದವರ ನಡುವೆ ನಿಲ್ಲಿಸಿ ನೋಡಿದರೆ ಎಡಿತಳ ಮುಖ ಸ್ವಲ್ಪ ಸ್ವಲ್ಪವಾಗಿ ಕಾಣತೊಡಗುತ್ತದೆ.

ಎಡಿತ್ ಹುಟ್ಟಿದ್ದು 910ರ ಸುಮಾರಿಗೆ, ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದಲ್ಲಿ. ಡೇನರ ದಾಳಿಯನ್ನು ತಡೆದು ನಿಂತು, ಲ್ಯಾಟಿನ್ ಗ್ರಂಥಗಳನ್ನು ಜನರ ಮಾತಿಗೆ ತರಿಸಿದ ಮಹಾ ಆಲ್ಫ್ರೆಡ್ ಆಕೆಯ ಅಜ್ಜ. ಅವನು 899ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಎಡ್ವರ್ಡ್ ಆಕೆಯ ತಂದೆ. ಎಡ್ವರ್ಡನಿಗೆ ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಹೆಂಡಿರು. ಎಡಿತಳ ತಾಯಿ ಎಲ್ಫ್‌ಫ್ಲೆಡ್ ಎರಡನೆಯವಳು. ಅವಳಿಗೆ ಇಬ್ಬರು ಗಂಡುಮಕ್ಕಳು, ಹಲವರು ಹೆಣ್ಣುಮಕ್ಕಳು. 919ರ ಸುಮಾರಿಗೆ ಎಡ್ವರ್ಡ್ ಈ ಹೆಂಡತಿಯನ್ನು ಬಿಟ್ಟು ಮೂರನೆಯ ಮದುವೆ ಮಾಡಿಕೊಂಡನು. ಎಲ್ಫ್‌ಫ್ಲೆಡ್ ವಿಲ್ಟನ್ ಎಂಬಲ್ಲಿದ್ದ ಸಂನ್ಯಾಸಿನಿಯರ ಮಠವನ್ನು ಸೇರಿದಳು. ಆಗ ಎಡಿತಳಿಗೆ ಒಂಬತ್ತೋ ಹತ್ತೋ ವರ್ಷ. ತಾಯಿ ಅರಮನೆಯಿಂದ ಹೊರಬಿದ್ದಾಗ ಮಗಳು ಎಲ್ಲಿದ್ದಳೆಂಬುದನ್ನು ಅಂದಿನ ಯಾವ ಬರಹಗಾರನೂ ಬರೆದಿಡಲಿಲ್ಲ. ಈ ಮಾತನ್ನು ಕೇಳುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಸಾವಿರ ವರ್ಷಗಳ ಮೇಲೆ ಅದಕ್ಕೊಂದು ಉತ್ತರ ಬರುವುದಿದೆ.

ಎಡ್ವರ್ಡ್ 924ರಲ್ಲಿ ಸತ್ತನು. ಎಡಿತಳ ಒಡಹುಟ್ಟಿದ ಅಣ್ಣ ಕೆಲವು ದಿನಗಳಲ್ಲಿಯೇ ಅವನನ್ನು ಹಿಂಬಾಲಿಸಿದನು. ರಾಜ್ಯ ಮೊದಲ ಹೆಂಡತಿಯ ಮಗ ಏಥೆಲ್‌ಸ್ಟನ್‌ನ ಕೈಗೆ ಬಂತು. 927ರಲ್ಲಿ ಯಾರ್ಕ್ ನಗರವನ್ನು ಹಿಡಿದು, ಇಂಗ್ಲೆಂಡನ್ನೆಲ್ಲ ಒಂದೇ ಕೊಡೆಯ ಕೆಳಗೆ ತಂದ ಮೊದಲ ಅರಸನೆನಿಸಿದವನು ಈತನೇ. ಅವನು ಮದುವೆಯಾಗಲಿಲ್ಲ. ಆದರೆ ಅವನ ಆಸರೆಯಲ್ಲಿ ಮದುವೆಯ ವಯಸ್ಸಿನ ತಂಗಿಯರು ಹಲವರಿದ್ದರು. ಆ ಕಾಲದ ರಾಜನೀತಿಯಲ್ಲಿ ಅದು ಸಣ್ಣ ಸಂಪತ್ತೇನಲ್ಲ.

ಈ ತಂಗಿಯರಲ್ಲಿ ಕೆಲವರು ಮಠಕ್ಕೆ ಹೋದರು. ಕೆಲವರು ಸಮುದ್ರ ದಾಟಿದರು. ಎಲ್ಲರಿಗಿಂತ ಮೊದಲು ಹೊರಟವಳು ಎಡಿತಳ ಅಕ್ಕ ಎಡ್‌ಗಿಫು. ತಂದೆ ಇರುವಾಗಲೇ ಆಕೆಯನ್ನು ಪಶ್ಚಿಮ ಫ್ರಾಂಕ್ ರಾಜ್ಯದ, ಎಂದರೆ ಇಂದಿನ ಫ್ರಾನ್ಸಿನ, ದೊರೆ ಸರಳ ಚಾರ್ಲ್ಸನಿಗೆ ಕೊಟ್ಟಿದ್ದರು. ಆ ಮದುವೆ ಸುಖ ತರಲಿಲ್ಲ. ಸಾಮಂತರು ಚಾರ್ಲ್ಸನನ್ನು ಪಟ್ಟದಿಂದ ಇಳಿಸಿ ಸೆರೆಯಲ್ಲಿಟ್ಟರು. ಎಡ್‌ಗಿಫು ಪುಟ್ಟ ಮಗ ಲೂಯಿಯನ್ನು ಕರೆದುಕೊಂಡು ತವರಿಗೆ ಓಡಿಬಂದಳು. 929ರಲ್ಲಿ ಚಾರ್ಲ್ಸ್ ಸೆರೆಯಲ್ಲಿಯೇ ಸತ್ತನು. ಇನ್ನೊಬ್ಬ ಸೋದರಿ ಎಡ್‌ಹಿಲ್ಡಳನ್ನು 926ರಲ್ಲಿ ಪ್ಯಾರಿಸ್ ಸೀಮೆಯ ಪ್ರಬಲ ಸಾಮಂತ ಹ್ಯೂ ಎಂಬಾತ ಕೇಳಿ ಕರೆದೊಯ್ದನು. ಅವನ ರಾಯಭಾರಿಗಳು ಏಥೆಲ್‌ಸ್ಟನ್‌ಗೆ ತಂದು ಒಪ್ಪಿಸಿದ ವಾಸನಾದ್ರವ್ಯ, ರತ್ನ, ವೇಗದ ಕುದುರೆಗಳು ಹಾಗೂ ಪವಿತ್ರ ಅವಶೇಷಗಳ ದೊಡ್ಡ ಪಟ್ಟಿಯನ್ನು ಹನ್ನೆರಡನೆಯ ಶತಮಾನದ ಇತಿಹಾಸಕಾರ ಮಾಮ್ಸ್‌ಬರಿಯ ವಿಲಿಯಂ ಕೊಡುತ್ತಾನೆ. ಉಡುಗೊರೆಯ ವಿವರ ಇಷ್ಟೊಂದು ಉಳಿದಿದೆ. ಹುಡುಗಿಯ ವಿಷಯ ಉಳಿದಿರುವುದು ಬಹಳ ಕಡಿಮೆ. ಹೀಗೆ, ಎಡಿತಳ ಸರದಿ ಬಂದಾಗ ಹೊರನಾಡಿನ ಅರಸರ ಕೈಹಿಡಿಯುವುದೆಂದರೆ ಏನೆಂಬುದು ಅವಳಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಅಕ್ಕ ಕಣ್ಣೆದುರಿನಲ್ಲೇ ಇದ್ದಳು.

ಅತ್ತ ಜರ್ಮನಿಯ ಸ್ಥಿತಿಯೇನು? ಸ್ಯಾಕ್ಸನಿಯ ಡ್ಯೂಕನಾಗಿದ್ದ ಹೆನ್ರಿ 919ರಲ್ಲಿ ರಾಜನಾಗಿ ಆಯ್ಕೆಯಾಗಿದ್ದನು. ಅವನು ಫ್ರಾಂಕ್ ಜನದವನಲ್ಲ. ಅವನ ವಂಶದಲ್ಲಿ ಹಿಂದೆ ಯಾರೂ ರಾಜರಾಗಿರಲಿಲ್ಲ. ಹೊಸದಾಗಿ ಸಿಂಹಾಸನವೇರಿದ ಮನೆತನಕ್ಕೆ ಹಳೆಯ ರಾಜರಕ್ತದ ನೆಂಟಸ್ತಿಕೆ ಬೇಕಾಗಿತ್ತು. ವೆಸೆಕ್ಸ್ ಮನೆತನದಲ್ಲಿ ಅದು ಹೇರಳವಾಗಿತ್ತು. ಧರ್ಮಕ್ಕಾಗಿ ಪ್ರಾಣ ಕೊಟ್ಟ ರಾಜನೆಂದು ಪೂಜಿತನಾದ ಸಂತ ಆಸ್ವಾಲ್ಡನ ಪವಿತ್ರ ಕುಲಕ್ಕೂ ಎಡಿತಳಿಗೂ ಹ್ರೋಟ್ಸ್‌ವಿಟ್ ಸಂಬಂಧ ಕಲ್ಪಿಸುತ್ತಾಳೆ. ಮೇಲಾಗಿ, ಐದನೆಯ ಶತಮಾನದಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದ ಸ್ಯಾಕ್ಸನರೂ ಹಳೆಯ ನಾಡಿನಲ್ಲಿ ಉಳಿದ ಸ್ಯಾಕ್ಸನರೂ ಒಂದೇ ಬುಡದ ಕೊಂಬೆಗಳೆಂಬ ನೆನಪು ಇಬ್ಬರಲ್ಲಿಯೂ ಇತ್ತು. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಸುಮಾರಾಗಿ ತಿಳಿಯುತ್ತಿದ್ದ ಕಾಲ ಅದು. ಆದುದರಿಂದ 929ರಲ್ಲಿ ಹೆನ್ರಿ ತನ್ನ ಮಗ ಒಟ್ಟೊನಿಗೆ ಹೆಣ್ಣು ಕೇಳಲು ರಾಯಭಾರಿಗಳನ್ನು ಕಳಿಸಿದ್ದು ಏಥೆಲ್‌ಸ್ಟನ್‌ನ ಆಸ್ಥಾನಕ್ಕೆ. ಒಟ್ಟೊನಿಗೆ ಆಗ ಹದಿನೇಳು ವರ್ಷದೊಳಗಿನ ವಯಸ್ಸು. ಸೆರೆಸಿಕ್ಕ ಸ್ಲಾವ್ ಕುಲೀನ ಸ್ತ್ರೀಯೊಬ್ಬಳಲ್ಲಿ ಅವನಿಗೆ ಆಗಲೇ ವಿಲಿಯಂ ಎಂಬ ಮಗನೂ ಹುಟ್ಟಿದ್ದನು. ಆ ಮಗು ಮುಂದೆ ಮೈಂಟ್ಸ್ ನಗರದ ಆರ್ಚ್‌ಬಿಷಪ್ ಆಯಿತು.

ಇಲ್ಲಿ ಕಥೆ ಒಂದು ವಿಚಿತ್ರ ತಿರುವು ಪಡೆಯುತ್ತದೆ. ಏಥೆಲ್‌ಸ್ಟನ್ ಕಳಿಸಿದ್ದು ಒಬ್ಬ ತಂಗಿಯನ್ನಲ್ಲ, ಇಬ್ಬರನ್ನು. ಇಬ್ಬರಲ್ಲಿ ಮೆಚ್ಚಿದವಳನ್ನು ಒಟ್ಟೊ ಆರಿಸಿಕೊಳ್ಳಲಿ ಎಂಬುದು ಅವನ ಉದಾರ ಸಂದೇಶ. ಬೀಗರಿಗೆ ಇದರಿಂದ ಗೌರವ ಹೆಚ್ಚಿತೆಂದು ಹ್ರೋಟ್ಸ್‌ವಿಟ್ ಬರೆಯುತ್ತಾಳೆ. ಎಡಿತಳನ್ನು ನೋಡಿದೊಡನೆಯೇ ಎಲ್ಲರ ಮನಸ್ಸೂ ಅವಳ ಕಡೆ ಒಲಿಯಿತೆಂದೂ, ಜೊತೆಗೆ ಬಂದ ಕಿರಿಯಳು ಗುಣದಲ್ಲಿ ಅವಳಿಗೆ ಸಮಳಲ್ಲವೆಂದೂ ಕವಯಿತ್ರಿಯ ಮಾತು. ಮದುವೆ 929-30ರ ಅವಧಿಯಲ್ಲಿ ನಡೆಯಿತು. ಸೋದರಿಯರ ಜೊತೆಗೆ ಬಂದಿದ್ದ ವೂಸ್ಟರಿನ ಬಿಷಪ್ ಕೆನ್‌ವಾಲ್ಡ್ ಜರ್ಮನಿಯ ಮಠಗಳನ್ನೆಲ್ಲ ಸುತ್ತಿದನು. 929ರ ಅಕ್ಟೋಬರಿನಲ್ಲಿ ಅವನು ಸೇಂಟ್ ಗಾಲ್ ಮಠಕ್ಕೆ ಹೋಗಿ ಕಾಣಿಕೆಯಿತ್ತು, ಏಥೆಲ್‌ಸ್ಟನ್‌ನ ಹೆಸರನ್ನೂ ತನ್ನ ಹೆಸರನ್ನೂ ಪ್ರಾರ್ಥನೆಯ ಪಟ್ಟಿಯಲ್ಲಿ ಸೇರಿಸಿಸಿದ್ದಕ್ಕೆ ಆ ಮಠದ ದಾಖಲೆಯಲ್ಲಿ ಸಾಕ್ಷಿಯಿದೆ. ಆಯ್ಕೆಯಾಗದ ತಂಗಿಯನ್ನು ಆಲ್ಪ್ಸ್ ಪರ್ವತಗಳ ಹತ್ತಿರದ ಯಾವನೋ ಅರಸನಿಗೆ ಮದುವೆ ಮಾಡಿಕೊಟ್ಟರು. ಆ ಅರಸ ಯಾರೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಅವಳ ಹೆಸರನ್ನು ಹ್ರೋಟ್ಸ್‌ವಿಟ್ ಒಂದು ಬಗೆಯಾಗಿ, ಇಂಗ್ಲಿಷ್ ಬರಹಗಾರರು ಇನ್ನೊಂದು ಬಗೆಯಾಗಿ ಹೇಳುತ್ತಾರೆ. ಒಂದೇ ದೋಣಿಯಲ್ಲಿ ಬಂದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ರಾಣಿಯಾದಳು. ಇನ್ನೊಬ್ಬಳ ಹೆಸರು ಸಹ ನಿಜವಾಗಿ ಉಳಿಯಲಿಲ್ಲ.

ಎಡಿತಳಿಗೆ ಗಂಡನಿಂದ ಬಂದ ಸ್ತ್ರೀಧನ ಮಾಗ್ಡೆಬುರ್ಗ್. ಮದುವೆಯ ಮರುದಿನ ಬೆಳಿಗ್ಗೆ ವರನು ವಧುವಿಗೆ ಆಸ್ತಿಯನ್ನು ಬಳುವಳಿಯಾಗಿ ಕೊಡುವುದು ಜರ್ಮನ್ ಜನಗಳ ಪದ್ಧತಿ. ಎಲ್ಬ್ ನದಿಯ ದಡದ ಈ ಊರು ಆಗ ರಾಜ್ಯದ ಅಂಚು. ಹೊಳೆಯ ಆಚೆ ಸ್ಲಾವ್ ಜನಗಳ ನಾಡು. ಈಚೆ ವ್ಯಾಪಾರಿಗಳ ಸಂತೆ, ಸೈನಿಕರ ಠಾಣ್ಯ. ಇಂಥ ಗಡಿಯೂರು ಮುಂದೆ ದೊಡ್ಡ ಪಟ್ಟಣವಾಗಿ ಬೆಳೆಯಿತು. 937ರಲ್ಲಿ ಒಟ್ಟೊ ಅಲ್ಲಿ ಸಂತ ಮಾರಿಸನ ಮಠವನ್ನು ಸ್ಥಾಪಿಸಿದನು. 968ರಲ್ಲಿ ಅದು ಆರ್ಚ್‌ಬಿಷಪ್ಪನ ಪೀಠವಾಯಿತು. ರಾಜನ ಒಲವು ಕಡೆಯವರೆಗೂ ಆ ಊರಿನ ಮೇಲೆ ನಿಂತಿತ್ತು. ಅದು ಮೊದಲು ಹೆಂಡತಿಯ ಊರು ಎಂಬುದನ್ನು ನಾವು ಮರೆಯುವ ಹಾಗಿಲ್ಲ.

930ರಲ್ಲಿ ಮಗ ಲಿಯುಡಾಲ್ಫ್, ಅದಾದ ಒಂದೆರಡು ವರ್ಷಕ್ಕೆ ಮಗಳು ಲಿಯುಟ್‌ಗಾರ್ಡ್ ಹುಟ್ಟಿದರು. 936ರ ಜುಲೈನಲ್ಲಿ ಹೆನ್ರಿ ತೀರಿಕೊಂಡನು. ಆಗಸ್ಟ್ 7ರಂದು ಆಖೆನ್ ನಗರದಲ್ಲಿ ಒಟ್ಟೊನಿಗೆ ಪಟ್ಟಾಭಿಷೇಕವಾಯಿತು. ಅಲ್ಲಿಂದ ಎಡಿತ್ ಬದುಕಿದ್ದ ಹತ್ತು ವರ್ಷ ರಾಜ್ಯಕ್ಕೆ ನೆಮ್ಮದಿಯ ಕಾಲವಲ್ಲ. ಒಟ್ಟೊನ ತಮ್ಮ ಹೆನ್ರಿ ಪಟ್ಟಕ್ಕಾಗಿ ದಂಗೆಯೆದ್ದನು, ಡ್ಯೂಕರು ತಿರುಗಿಬಿದ್ದರು. ರಾಜಧಾನಿಯೆಂಬುದು ಒಂದೆಡೆ ಇರಲಿಲ್ಲ. ರಾಜ ರಾಣಿಯರು ಅರಮನೆಯಿಂದ ಅರಮನೆಗೆ, ಮಠದಿಂದ ಮಠಕ್ಕೆ ಕುದುರೆಯ ಮೇಲೆ ಅಲೆಯುತ್ತಲೇ ರಾಜ್ಯವಾಳಬೇಕಾಗಿತ್ತು.

ಮನೆಯೊಳಗೂ ಬಿರುಕಿತ್ತು. ಅತ್ತೆ ಮಟಿಲ್ಡಾ ಗಂಡನ ಹಣವನ್ನು ದಾನಧರ್ಮಕ್ಕೆ ಮಿತಿಮೀರಿ ಸುರಿಯುತ್ತಾಳೆಂದು ಮಕ್ಕಳೇ ಆಕ್ಷೇಪಿಸಿ, ಅವಳ ಸ್ತ್ರೀಧನದ ಆಸ್ತಿಗಳನ್ನು ಬಿಟ್ಟುಕೊಡುವಂತೆ ಮಾಡಿದರು. ಆಕೆ ಎಂಗರ್ ಎಂಬ ತನ್ನ ಕಡೆಯ ಊರಿಗೆ ಹೊರಟುಹೋದಳು. ಆಮೇಲೆ ರಾಜನಿಗೆ ಮೇಲಿಂದ ಮೇಲೆ ಕಷ್ಟಗಳು ಬಂದವು. ಇದು ತಾಯಿಯ ಮನಸ್ಸನ್ನು ನೋಯಿಸಿದುದರ ಫಲ, ಆಕೆಯನ್ನು ಗೌರವದಿಂದ ಕರೆಸಿಕೊಳ್ಳಬೇಕು ಎಂದು ಗಂಡನಿಗೆ ತಿಳಿಹೇಳಿದವಳು ಎಡಿತ್ ಎಂದು ಮಟಿಲ್ಡಾಳ ಜೀವನಚರಿತ್ರೆ ಹೇಳುತ್ತದೆ. ಸಂತಳ ಚರಿತ್ರೆಯಾದ್ದರಿಂದ ಅದರ ಬಣ್ಣವನ್ನು ಸ್ವಲ್ಪ ಕಳೆದು ಓದಬೇಕು. ಆದರೂ ಸೊಸೆ ಅತ್ತೆಯ ಪರವಾಗಿ ನಿಂತ ಈ ಪ್ರಸಂಗ ಯೋಚನೆಗೆ ತಕ್ಕದ್ದು. ಅರಮನೆಯಿಂದ ಹೊರಬಿದ್ದ ರಾಣಿಯ ಪಾಡು ಎಂಥದೆಂಬುದನ್ನು ಎಡಿತ್ ತನ್ನ ತಾಯಿಯ ಬಾಳಿನಲ್ಲಿಯೇ ಕಂಡಿದ್ದಳಲ್ಲವೆ?

ತವರಿನೊಡನೆ ಸಂಬಂಧ ಕಡಿದುಹೋಗಿರಲಿಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿ ಒಂದು ಹಳೆಯ ಸುವಾರ್ತೆಯ ಗ್ರಂಥವಿದೆ. ಅದರಲ್ಲಿ ರಾಜ ಒಟ್ಟೊನ ಹೆಸರೂ ರಾಜಮಾತೆ ಮಟಿಲ್ಡಾಳ ಹೆಸರೂ ಬರೆದಿವೆ. ಜರ್ಮನಿಯಿಂದ ಏಥೆಲ್‌ಸ್ಟನ್‌ಗೆ ಉಡುಗೊರೆಯಾಗಿ ಬಂದದ್ದು ಅದು ಎಂದು ವಿದ್ವಾಂಸರ ಅಭಿಪ್ರಾಯ. ಅವನು ಅದನ್ನು ಕ್ಯಾಂಟರ್ಬರಿಯ ಇಗರ್ಜಿಗೆ ಕೊಟ್ಟನು. ಇಬ್ಬರು ಅರಸರ ನಡುವಣ ಕೊಂಡಿಯಾಗಿದ್ದವಳ ಹೆಸರೊಂದು ಮಾತ್ರ ಆ ಬರಹದಲ್ಲಿಲ್ಲ. ಇನ್ನು ಫ್ರಾನ್ಸಿನ ಕಡೆ ನೋಡಿದರೆ ನೆಂಟಸ್ತಿಕೆ ಇನ್ನೂ ತೊಡಕಾಗಿ ಹೆಣೆದುಕೊಂಡಿತ್ತು. ಇಂಗ್ಲೆಂಡಿನಲ್ಲಿ ಬೆಳೆದ ಲೂಯಿ 936ರಲ್ಲಿ ಹಿಂದಿರುಗಿ ದೊರೆಯಾದನು. 939ರಲ್ಲಿ ಒಟ್ಟೊನ ತಂಗಿ ಗೆರ್‌ಬೆರ್ಗಾಳನ್ನು ಮದುವೆಯಾದನು. ಹೀಗೆ ಅಕ್ಕನ ಮಗನೇ ಎಡಿತಳಿಗೆ ನಾದಿನಿಯ ಗಂಡನೂ ಆದನು. ಎಡ್‌ಹಿಲ್ಡ್ ಮಕ್ಕಳಿಲ್ಲದೆ ಸತ್ತ ಮೇಲೆ ಅವಳ ಗಂಡ ಹ್ಯೂ ಒಟ್ಟೊನ ಇನ್ನೊಬ್ಬ ತಂಗಿ ಹಡ್‌ವಿಗಳ ಕೈಹಿಡಿದನು. ಈ ಲೂಯಿ, ಈ ಹ್ಯೂ ಒಬ್ಬರಿಗೊಬ್ಬರು ಕಡುವೈರಿಗಳು. ಇಬ್ಬರೂ ಎಡಿತಳ ಬಳಗ.

946ರ ಜನವರಿ 26ರಂದು ಎಡಿತ್ ತೀರಿಕೊಂಡಳು. ಆಗ ವಯಸ್ಸು ಮೂವತ್ತೈದರ ಆಸುಪಾಸು. ಮಾಗ್ಡೆಬುರ್ಗಿನ ಸಂತ ಮಾರಿಸನ ಮಠದಲ್ಲಿ ಆಕೆಯನ್ನು ಸಮಾಧಿ ಮಾಡಿದರು. ನಾಡಿನ ಜನರೆಲ್ಲ ತಾಯಿಯನ್ನು ಕಳೆದುಕೊಂಡವರಂತೆ ಅತ್ತರೆಂದು ಹ್ರೋಟ್ಸ್‌ವಿಟ್ ಹೇಳುತ್ತಾಳೆ. ಇಂಥ ಮಾತು ಯಾವ ರಾಣಿಯ ಮರಣಕ್ಕೂ ಸಲ್ಲುವಂಥದು. ವಿಡುಕಿಂಡ್ ಹೇಳುವ ಒಂದು ಸಣ್ಣ ಸಂಗತಿ ಹಾಗಲ್ಲ. ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಅದುವರೆಗೆ ಒಟ್ಟೊನಿಗೆ ಓದು ಬರುತ್ತಿರಲಿಲ್ಲ. ಹೆಂಡತಿ ಸತ್ತ ಮೇಲೆ ಅವನು ಅಕ್ಷರ ಕಲಿತನು, ಪುಸ್ತಕಗಳನ್ನು ತಾನೇ ಓದಿ ತಿಳಿಯುವಷ್ಟು ಚೆನ್ನಾಗಿ ಕಲಿತನು. ಮೂವತ್ತಮೂರು ವರ್ಷದ ಯೋಧನೊಬ್ಬ, ಮಕ್ಕಳು ಕಲಿಯುವ ಅಕ್ಷರಮಾಲೆಯ ಮುಂದೆ ಕುಳಿತ ಚಿತ್ರವದು. ಸನ್ಯಾಸಿ ಅದಕ್ಕೆ ಕಾರಣ ಹೇಳುವುದಿಲ್ಲ. ದುಃಖವೆಂದು ಊಹಿಸಿದರೆ ತಪ್ಪಾಗಲಾರದು.

ತಾಯಿಯ ಮೇಲಿದ್ದ ಪ್ರೀತಿಯನ್ನೆಲ್ಲ ರಾಜನು ಮಗನ ಮೇಲೆ ಇಟ್ಟನೆಂದೂ, ತನ್ನ ತರುವಾಯ ಲಿಯುಡಾಲ್ಫನೇ ರಾಜನೆಂದು ಪ್ರಕಟಿಸಿದನೆಂದೂ ವಿಡುಕಿಂಡ್ ಬರೆಯುತ್ತಾನೆ. ಸ್ವೇಬಿಯದ ಡ್ಯೂಕನ ಮಗಳು ಇಡಾಳೊಡನೆ ಹುಡುಗನ ಮದುವೆಯಾಯಿತು. ಮಾವನ ನಂತರ ಸ್ವೇಬಿಯ ಅವನಿಗೇ ಬಂತು. ಲಿಯುಟ್‌ಗಾರ್ಡಳನ್ನು ಲೊರೇನ್ ಸೀಮೆಯ ಡ್ಯೂಕ್ ಕೆಂಪು ಕಾನ್ರಾಡನಿಗೆ ಕೊಟ್ಟರು. ಎಲ್ಲವೂ ನೆಟ್ಟಗಾದಂತೆ ತೋರಿತು. ಆದರೆ 951ರಲ್ಲಿ ಒಟ್ಟೊ ಇಟಲಿಗೆ ದಂಡೆತ್ತಿ ಹೋಗಿ, ಅಲ್ಲಿನ ರಾಜನ ವಿಧವೆ ಆಡೆಲ್‌ಹೈಡಳನ್ನು ವರಿಸಿದನು. ಮಲತಾಯಿಗೆ ಮಗನ ವಯಸ್ಸೇ, ಇಪ್ಪತ್ತರ ಸುಮಾರು. ಸ್ವಲ್ಪ ಕಾಲದಲ್ಲಿ ಆಕೆಗೂ ಗಂಡುಮಗುವಾಯಿತು. ಸತ್ತ ರಾಣಿಯ ಮಗನಿಗೆ ತನ್ನ ಹಕ್ಕು ಕೈಜಾರುವ ಭಯ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 953ರಲ್ಲಿ ಲಿಯುಡಾಲ್ಫನೂ ಭಾವ ಕಾನ್ರಾಡನೂ ಕೂಡಿ ದಂಗೆಯೆದ್ದರು. ಎಡಿತಳ ಮಗನೂ ಅಳಿಯನೂ ಒಂದು ಕಡೆ, ಗಂಡ ಇನ್ನೊಂದು ಕಡೆ.

ಈ ಕಲಹದ ನಡುವೆ, 953ರ ನವೆಂಬರಿನಲ್ಲಿ, ಲಿಯುಟ್‌ಗಾರ್ಡ್ ತೀರಿಕೊಂಡಳು. ತಂದೆಯ ಮೇಲೆ ಗಂಡನೂ ಅಣ್ಣನೂ ಕತ್ತಿಯೆತ್ತಿದ ವರ್ಷದಲ್ಲಿ ಅವಳ ಮನಸ್ಸು ಹೇಗಿತ್ತೆಂಬುದನ್ನು ಕೇಳಿ ಬರೆದುಕೊಂಡವರಿಲ್ಲ. 954ರಲ್ಲಿ ಮಾಗ್ಯಾರರು ಮತ್ತೆ ನುಗ್ಗಿದಾಗ ದಂಗೆಕೋರರ ಬಲ ಉಡುಗಿತು. ಇಬ್ಬರೂ ಡ್ಯೂಕ್ ಪದವಿ ಕಳೆದುಕೊಂಡು ಶರಣಾದರು. ಮರುವರ್ಷ ಆಗಸ್ಟ್ 10ರಂದು ಲೆಖ್‌ಫೆಲ್ಡ್ ಯುದ್ಧದಲ್ಲಿ ಕಾನ್ರಾಡ್ ಮಾವನ ಪರವಾಗಿಯೇ ಕಾದಿದನು. ಸೆಕೆ ತಾಳಲಾರದೆ ಕವಚದ ಕಟ್ಟನ್ನು ಸಡಿಲಿಸಿದ ಹೊತ್ತಿಗೆ ಬಾಣವೊಂದು ಕೊರಳಿಗೆ ನಾಟಿ ಸತ್ತನು. ಲಿಯುಡಾಲ್ಫನನ್ನು ಒಟ್ಟೊ ಕ್ಷಮಿಸಿ ಇಟಲಿಗೆ ಸೇನಾನಿಯಾಗಿ ಕಳಿಸಿದನು. ಅಲ್ಲಿ ಗೆಲುವು ಸಿಕ್ಕಿತು, ಜ್ವರವೂ ಬಂತು. 957ರ ಸೆಪ್ಟೆಂಬರಿನಲ್ಲಿ ಅವನೂ ಹೋದನು. ಅವನ ದೇಹವನ್ನು ಆಲ್ಪ್ಸ್ ದಾಟಿಸಿ ತಂದು ಮೈಂಟ್ಸಿನ ಸಂತ ಆಲ್ಬನ್ ಮಠದಲ್ಲಿ, ತಂಗಿ ಮಲಗಿದ್ದ ಇಗರ್ಜಿಯಲ್ಲಿಯೇ ಮಣ್ಣು ಮಾಡಿದರು. ಎಡಿತ್ ಸತ್ತ ಹನ್ನೊಂದು ವರ್ಷಗಳಲ್ಲಿ ಅವಳ ಇಬ್ಬರು ಮಕ್ಕಳೂ ಇಲ್ಲವಾದರು. ಪಟ್ಟ ಆಡೆಲ್‌ಹೈಡಳ ಮಗನಿಗೆ ಹೋಯಿತು. ಎಡಿತಳ ಕಥೆ ಇಲ್ಲಿಗೆ ಮುಗಿಯಿತೆಂದು ಅಂದಿನವರು ಎಣಿಸಿದ್ದರೆ ಅದು ಸಹಜ.

ಆದರೆ ಮುಗಿದಿರಲಿಲ್ಲ. ಲಿಯುಟ್‌ಗಾರ್ಡ್ ಬಿಟ್ಟುಹೋದ ಪುಟ್ಟ ಮಗ ಒಟ್ಟೊ, ವೋರ್ಮ್ಸ್ ಸೀಮೆಯಲ್ಲಿ ಬೆಳೆದು ಕರಿಂಥಿಯದ ಡ್ಯೂಕನಾದನು. ಅವನ ಮಕ್ಕಳಲ್ಲಿ ಒಬ್ಬ ಬ್ರೂನೊ 996ರಲ್ಲಿ ಐದನೆಯ ಗ್ರೆಗರಿ ಎಂಬ ಹೆಸರಿನಿಂದ ಪೋಪ್ ಆದನು. ಇನ್ನೊಬ್ಬ ಮಗ ಹೆನ್ರಿ. ಅವನ ಮಗ ಕಾನ್ರಾಡ್. ಆಡೆಲ್‌ಹೈಡಳ ಸಂತಾನದ ಗಂಡು ಕವಲು 1002ರಲ್ಲಿ ಮೊಮ್ಮಗ ಮೂರನೆಯ ಒಟ್ಟೊನೊಡನೆ ನಿಂತುಹೋಯಿತು. ಅನಂತರ ಬಂದ ದಾಯಾದಿ ಎರಡನೆಯ ಹೆನ್ರಿಯೂ 1024ರಲ್ಲಿ ಮಕ್ಕಳಿಲ್ಲದೆ ಸತ್ತನು. ಆಗ ರಾಜ್ಯದ ಹಿರಿಯರು ಆರಿಸಿದ್ದು ಇದೇ ಕಾನ್ರಾಡನನ್ನು. ಎಡಿತಳ ಮಗಳ ಮೊಮ್ಮಗನ ಮಗ ಹೀಗೆ ಜರ್ಮನಿಯ ಅರಸನಾದನು, 1027ರಲ್ಲಿ ಚಕ್ರವರ್ತಿಯಾದನು. ಅವನಿಂದ ಮೊದಲಾದ ಸೇಲಿಯನ್ ವಂಶ 1125ರವರೆಗೆ ಆಳಿತು. ಸ್ಪೈಯರ್ ನಗರದ ಭವ್ಯ ಇಗರ್ಜಿಯನ್ನು ಕಟ್ಟಿಸಿದವರು ಇವರು. ಪೋಪನ ಕ್ಷಮೆಗಾಗಿ 1077ರಲ್ಲಿ ಕನೋಸ್ಸ ಕೋಟೆಯ ಮುಂದೆ ಹಿಮದಲ್ಲಿ ನಿಂತ ನಾಲ್ಕನೆಯ ಹೆನ್ರಿ ಈ ಕುಲದವನೇ. ಮಗನ ಪಟ್ಟಕ್ಕಾಗಿ ಅಷ್ಟು ರಕ್ತ ಹರಿಯಿತು. ಪಟ್ಟ ಎಡಿತಳ ಕುಲಕ್ಕೆ ಬಂದದ್ದು, ಇಪ್ಪತ್ತೆರಡರ ವಯಸ್ಸಿನ ಆಸುಪಾಸಿನಲ್ಲಿ ಕಣ್ಮುಚ್ಚಿದ ಮಗಳ ಮೂಲಕ.

ಇನ್ನೊಬ್ಬಳ ಮಾತು ಉಳಿದಿದೆ. ಲಿಯುಡಾಲ್ಫನಿಗೂ ಇಡಾಳಿಗೂ 949ರಲ್ಲಿ ಒಬ್ಬ ಮಗಳು ಹುಟ್ಟಿದ್ದಳು, ಹೆಸರು ಮಟಿಲ್ಡಾ. ಅಜ್ಜಿ ಎಡಿತಳನ್ನು ಈಕೆ ಕಂಡವಳಲ್ಲ. ತಂದೆ ಸತ್ತಾಗ ಎಂಟು ವರ್ಷದವಳು. ಎಸ್ಸೆನ್ನಿನ ಮಠವನ್ನು ಸೇರಿ, 970ರ ದಶಕದಿಂದ 1011ರಲ್ಲಿ ಸಾಯುವವರೆಗೆ ಅದರ ಒಡತಿಯಾಗಿದ್ದಳು. ಎಸ್ಸೆನ್ನಿನಲ್ಲಿ ಇಂದಿಗೂ ಇರುವ ಒಂದು ಚಿನ್ನದ ಶಿಲುಬೆಯ ಮೇಲೆ ಈ ಮಟಿಲ್ಡಾಳೂ ಅವಳ ತಮ್ಮ ಡ್ಯೂಕ್ ಒಟ್ಟೊನೂ ಎದುರುಬದುರಾಗಿ ನಿಂತು ಶಿಲುಬೆಯ ದಂಡವನ್ನು ಹಿಡಿದಿರುವ ಪುಟ್ಟ ಚಿತ್ರವಿದೆ. ಆ ತಮ್ಮ 982ರಲ್ಲಿ ಇಟಲಿಯಲ್ಲಿ ಸತ್ತನು. ಲಿಯುಡಾಲ್ಫನ ಮನೆಯಲ್ಲಿ ಉಳಿದವಳು ಆಕೆಯೊಬ್ಬಳೇ.

ಈ ಮಟಿಲ್ಡಾಳಿಗಾಗಿ ಇಂಗ್ಲೆಂಡಿನಲ್ಲಿ ಒಬ್ಬರು ಒಂದು ಗ್ರಂಥವನ್ನೇ ಬರೆದರು. ಅವರು ಏಥೆಲ್‌ವರ್ಡ್ ಎಂಬ ಕುಲೀನ ಅಧಿಕಾರಿ. ಆಲ್ಫ್ರೆಡನ ಅಣ್ಣನ ವಂಶದವರು, ಎಂದರೆ ಮಟಿಲ್ಡಾಳಿಗೆ ದೂರದ ದಾಯಾದಿ. ಆಂಗ್ಲೋಸ್ಯಾಕ್ಸನ್ ವೃತ್ತಾಂತವನ್ನು ಅವರು ಲ್ಯಾಟಿನ್ನಿಗೆ ತಂದು ಆಕೆಗೆ ಅರ್ಪಿಸಿದರು. ಯೋಧರೂ ಆಡಳಿತಗಾರರೂ ಆದವರು ಲ್ಯಾಟಿನ್ ಗ್ರಂಥ ರಚಿಸುವುದು ಆ ಕಾಲಕ್ಕೆ ಅಪರೂಪ. ಪೀಠಿಕೆಯಲ್ಲಿ ಅವರು ಬಳಗದ ಲೆಕ್ಕವನ್ನು ಒಪ್ಪಿಸುತ್ತಾರೆ: ಯಾವ ಹೆಣ್ಣು ಯಾವ ನಾಡಿಗೆ ಹೋದಳು, ಯಾರ ಮನೆ ಸೇರಿದಳು ಎಂದು. ಒಟ್ಟೊನ ಬಳಿಗೆ ಇಬ್ಬರು ಹೋದದ್ದನ್ನು, ಅವರಲ್ಲಿ ಮಟಿಲ್ಡಾಳ ಅಜ್ಜಿ ಆಯ್ಕೆಯಾದದ್ದನ್ನು ಹೇಳುತ್ತಾರೆ. ಇನ್ನೊಬ್ಬಳು ಆಲ್ಪ್ಸ್ ಕಡೆಯ ಅರಸನ ಕೈಹಿಡಿದಳು. ದೂರದಿಂದಲೂ ಕಾಲ ಕಳೆದದ್ದರಿಂದಲೂ ಅವಳ ಸಂತಾನದ ಸುದ್ದಿ ನಮಗೆ ತಲುಪಿಲ್ಲ. ನೀನು ಹತ್ತಿರದವಳು, ಅನುಕೂಲವುಳ್ಳವಳು, ವಿಚಾರಿಸಿ ತಿಳಿಸು ಎಂಬುದು ಅವರ ಕೋರಿಕೆಯ ಸಾರ. ಅರ್ಧ ಶತಮಾನ ಕಳೆದರೂ ಮನೆಯಿಂದ ಹೋದ ಒಬ್ಬ ಹುಡುಗಿಯನ್ನು ತವರಿನ ಬಳಗ ಕೇಳುತ್ತಲೇ ಇತ್ತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ವಿಡುಕಿಂಡ್ ತನ್ನ ಚರಿತ್ರೆಯನ್ನು ಅರ್ಪಿಸಿದ್ದು ಒಟ್ಟೊನ ಮಗಳು, ಕ್ವೆಡ್ಲಿನ್‌ಬುರ್ಗ್ ಮಠದ ಒಡತಿ, ಇನ್ನೊಬ್ಬ ಮಟಿಲ್ಡಾಳಿಗೆ. ಹ್ರೋಟ್ಸ್‌ವಿಟ್ ಒಟ್ಟೊನ ಕಾವ್ಯ ಬರೆದದ್ದು ಗಾಂಡರ್ಸ್‌ಹೈಮ್ ಮಠದ ಒಡತಿಯೂ ಒಟ್ಟೊನ ತಮ್ಮನ ಮಗಳೂ ಆದ ಗೆರ್‌ಬೆರ್ಗಾಳ ಅಪ್ಪಣೆಯಂತೆ. ಏಥೆಲ್‌ವರ್ಡ್ ಬರೆದದ್ದು ಎಸ್ಸೆನ್ನಿನ ಮಟಿಲ್ಡಾಳಿಗೆ. ರಾಜರ ಚರಿತ್ರೆಯೆಂದು ನಾವು ಓದುವ ಈ ಮೂರು ಗ್ರಂಥಗಳೂ ಮನೆಯ ಹೆಣ್ಣುಮಕ್ಕಳ ಕೈಗೆಂದು ಸಿದ್ಧವಾದವು. ಸತ್ತವರ ಹೆಸರನ್ನು ನೆನೆದು ಪ್ರಾರ್ಥಿಸುವುದು, ಬಳಗದ ಲೆಕ್ಕವಿಡುವುದು ಆ ಮಠಗಳ ಕೆಲಸವಾಗಿತ್ತು. ಎಡಿತಳ ವಿಷಯ ನಮಗೆ ಇಷ್ಟಾದರೂ ಉಳಿದಿರುವುದಕ್ಕೆ ಕಾರಣ, ಕೇಳುವವರಿದ್ದರು ಎಂಬುದು.

ಒಟ್ಟೊ 973ರ ಮೇ 7ರಂದು ತೀರಿಕೊಂಡನು. ಬದುಕಿದ್ದ ಸಾಮ್ರಾಜ್ಞಿ ಆಡೆಲ್‌ಹೈಡ್ ಮುಂದೆ ಆಲ್ಸೇಸಿನಲ್ಲಿ ತನ್ನ ಮಠದಲ್ಲಿ ಮಲಗಿದಳು; ಒಟ್ಟೊನನ್ನು ತಂದು ಇಟ್ಟದ್ದು ಮಾಗ್ಡೆಬುರ್ಗಿನಲ್ಲಿ, ಎಡಿತ್ ಇದ್ದ ಇಗರ್ಜಿಯಲ್ಲಿ. ಆ ಇಗರ್ಜಿ 1207ರಲ್ಲಿ ಬೆಂಕಿಗೆ ಆಹುತಿಯಾಯಿತು. 1209ರಿಂದ ಹೊಸದನ್ನು ಕಟ್ಟತೊಡಗಿದರು. ರಾಣಿಯ ಅವಶೇಷಗಳು ಸ್ಥಳ ಬದಲಾಯಿಸಿದವು. ಹದಿನಾರನೆಯ ಶತಮಾನದ ಆದಿಯಲ್ಲಿ ಆಕೆಯ ಹೆಸರಿನಲ್ಲಿ ಕೆತ್ತಿಸಿದ ಕಲ್ಲಿನ ಗೋರಿ ಮಾತ್ರ ಕಣ್ಣಿಗೆ ಕಾಣುತ್ತಿತ್ತು. ಅದರೊಳಗೆ ಏನೂ ಇರಲಾರದೆಂದು ಎಲ್ಲರೂ ನಂಬಿದ್ದರು.

2008ರಲ್ಲಿ ಸಂಶೋಧಕರು ಆ ಗೋರಿಯ ಮುಚ್ಚಳವನ್ನು ತೆರೆದರು. ಒಳಗೆ ಸೀಸದ ಪುಟ್ಟ ಪೆಟ್ಟಿಗೆಯಿತ್ತು. ರಾಣಿ ಎಡಿತಳ ಅವಶೇಷಗಳನ್ನು 1510ರಲ್ಲಿ ಇಲ್ಲಿ ಮರಳಿ ಇಡಲಾಯಿತೆಂದು ಅದರ ಮೇಲೆ ಲ್ಯಾಟಿನ್ ಬರಹ. ಪೆಟ್ಟಿಗೆಯಲ್ಲಿ ರೇಷ್ಮೆ ಸುತ್ತಿದ ಮೂಳೆಗಳು. ತಲೆಬುರುಡೆಯ ಬಹುಭಾಗ ಇರಲಿಲ್ಲ, ಮೇಲ್ದವಡೆ ಇತ್ತು. ಮೈಂಟ್ಸ್ ವಿಶ್ವವಿದ್ಯಾನಿಲಯದ ತಜ್ಞರು ಪರೀಕ್ಷಿಸಿ, ಇವು ಮೂವತ್ತು ನಲವತ್ತರ ನಡುವಣ ವಯಸ್ಸಿನ ಹೆಂಗಸಿನವು, ಚೆನ್ನಾಗಿ ಉಂಡವಳು, ಮೀನು ಹೆಚ್ಚಾಗಿ ತಿಂದವಳು, ತೊಡೆಯ ಮೂಳೆಯ ಗುರುತು ನೋಡಿದರೆ ಕುದುರೆ ಸವಾರಿ ಬಹಳ ಮಾಡಿದವಳು ಎಂದರು. ಆದರೆ ಹೆಸರು ಬರೆದ ಮಾತ್ರಕ್ಕೆ ಮೂಳೆ ರಾಣಿಯದೇ ಎಂದು ಹೇಳುವುದು ಹೇಗೆ? ಐದಾರು ಶತಮಾನಗಳಲ್ಲಿ ಅದಲುಬದಲಾಗಿರಬಾರದೇಕೆ?

ಇದಕ್ಕೆ ಉತ್ತರ ಬಂದದ್ದು ಹಲ್ಲಿನಿಂದ. ಎಳೆಯ ವಯಸ್ಸಿನಲ್ಲಿ ಹಲ್ಲಿನ ಹೊರಗವಚವಾದ ಎನಾಮಲ್ ಕಟ್ಟಿಕೊಳ್ಳುವಾಗ, ನಾವು ಕುಡಿಯುವ ನೀರಿನ, ತಿನ್ನುವ ಆಹಾರದ ಮೂಲಕ ಆ ನೆಲದ ಸ್ಟ್ರಾನ್ಷಿಯಂ, ಆಮ್ಲಜನಕ ಮೊದಲಾದ ಧಾತುಗಳು ಅದರಲ್ಲಿ ಸೇರುತ್ತವೆ. ಒಂದೊಂದು ನೆಲದಲ್ಲಿಯೂ ಇವುಗಳ ಐಸೊಟೋಪುಗಳ ಪ್ರಮಾಣ ಬೇರೆ ಬೇರೆ. ಒಮ್ಮೆ ಕಟ್ಟಿಕೊಂಡ ಎನಾಮಲ್ ಆಮೇಲೆ ಬದಲಾಗುವುದಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ಆ ಹಲ್ಲುಗಳ ಚೂರುಗಳನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಈ ಹೆಂಗಸು ಬೆಳೆದದ್ದು ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ಕಲ್ಲಿನ ನೆಲದಲ್ಲಿ, ಎಂದರೆ ವೆಸೆಕ್ಸಿನಲ್ಲಿ. ಮೊದಲ ಎಂಟು ಒಂಬತ್ತು ವರ್ಷ ಊರಿಂದ ಊರಿಗೆ ಅಲೆದಿದ್ದಾಳೆ. ಸಂಚಾರದಲ್ಲಿದ್ದ ರಾಜನ ಪರಿವಾರದ ಮಗುವಿಗೆ ಅದು ಸಹಜ. ಒಂಬತ್ತರ ಸುಮಾರಿನಿಂದ ಅಲೆದಾಟ ನಿಂತಿದೆ. ಒಂದೇ ಕಡೆ ನೆಲೆಸಿದ್ದಾಳೆ. ಅದು 919ರ ಸುಮಾರು. ಗಂಡ ಬಿಟ್ಟ ತಾಯಿಯ ಜೊತೆಗೆ ಮಗಳೂ ಮಠಕ್ಕೆ ಹೋಗಿರಬೇಕು, ಅದು ವಿಲ್ಟನ್ ಅಥವಾ ವಿಂಚೆಸ್ಟರ್ ಆಗಿರಬಹುದು ಎಂಬುದು ಸಂಶೋಧಕರ ನಿರ್ಣಯ. ಆರಂಭದಲ್ಲಿ ನಾನು ನೆನಪಿನಲ್ಲಿ ಇಟ್ಟುಕೊಳ್ಳಿರೆಂದ ಪ್ರಶ್ನೆಗೆ ಬಂದ ಉತ್ತರ ಇದು.

ಚರಿತ್ರೆಕಾರರಿಗೆ ಬೇಕಾಗಿದ್ದುದು ರಾಣಿಯ ಕುಲ, ಅದನ್ನು ಬರೆದರು. ಅವಳ ಮಗ ಬೇಕಾಗಿದ್ದನು. ಅವನ ಕಥೆ ಬರೆದರು. ಒಂಬತ್ತು ವರ್ಷದ ಹುಡುಗಿ ತಾಯಿಯ ಕೈಹಿಡಿದು ಅರಮನೆಯಿಂದ ಹೊರಟ ದಿನ ಯಾರಿಗೂ ಬೇಕಾಗಿರಲಿಲ್ಲ. ಆ ದಿನದ ಗುರುತನ್ನು ಎಡಿತ್ ಯಾರಿಗೂ ಕಾಣದಂತೆ ಹೊತ್ತುಕೊಂಡೇ ಸಮುದ್ರ ದಾಟಿದಳು, ಒಟ್ಟೊನ ಪಕ್ಕದಲ್ಲಿ ಕುಳಿತಳು, ಮಾಗ್ಡೆಬುರ್ಗಿನ ಮಣ್ಣಿಗೆ ಇಳಿದಳು. ತವರಿನ ನೀರು ಹತ್ತು ಶತಮಾನ ಕಳೆದರೂ ಅವಳ ಹಲ್ಲಿನಲ್ಲಿ ಉಳಿದಿತ್ತು. 2010ರ ಅಕ್ಟೋಬರಿನಲ್ಲಿ ಆ ಅವಶೇಷಗಳನ್ನು ಹೊಸ ಪೆಟ್ಟಿಗೆಯಲ್ಲಿರಿಸಿ, ಮಾಗ್ಡೆಬುರ್ಗಿನ ಇಗರ್ಜಿಯಲ್ಲಿ ಮತ್ತೆ ಸಮಾಧಿ ಮಾಡಿದರು.

ಜೊತೆಗೆ ಬಂದ ತಂಗಿಯ ಮೂಳೆಗಳು ಆಲ್ಪ್ಸ್ ತಪ್ಪಲಿನ ಯಾವ ಇಗರ್ಜಿಯ ನೆಲದಲ್ಲಿವೆಯೋ, ಹೆಸರು ಕೆತ್ತಿದ ಕಲ್ಲೊಂದು ಅವಳಿಗೆ ಇಲ್ಲ. ಅವಳ ಹಲ್ಲುಗಳಲ್ಲಿಯೂ ಅದೇ ವೆಸೆಕ್ಸಿನ ನೀರಿನ ಗುರುತು ಇರಲೇಬೇಕು. ಏಥೆಲ್‌ವರ್ಡ್ ಮಟಿಲ್ಡಾಳಿಗೆ ಹಾಕಿದ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ.